ಎಪ್ಪತ್ತು ಸೆಂಟಿಮೀಟರ್ ನಾಟಿಲಸ್

ಕಾದಂಬರಿಯ ನಾಟಿಲಸ್ ಎಂಬ ಜಲಾಂತರ್ಗಾಮಿಯನ್ನು ಯಾರೂ ಕಟ್ಟಲಿಲ್ಲ, ಆದರೂ ಅದರ ಅಳತೆ ಪೂರ್ತಿಯಾಗಿ ಸಿಗುತ್ತದೆ. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ 1869ರ ಮಾರ್ಚ್‌ನಿಂದ 1870ರ ಜೂನ್‌ವರೆಗೆ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದ ‘ಸಮುದ್ರದಡಿ ಇಪ್ಪತ್ತು ಸಾವಿರ ಲೀಗ್’ ಕಾದಂಬರಿಯಲ್ಲಿ ನೌಕೆಯ ಒಡೆಯ ಕ್ಯಾಪ್ಟನ್ ನೆಮೊ ತನ್ನ ಅತಿಥಿಯ ಮುಂದೆ ನಕ್ಷೆ ಹರಡಿ ಲೆಕ್ಕ ಒಪ್ಪಿಸುತ್ತಾನೆ. ಉದ್ದ 70 ಮೀಟರ್, ಅತಿ ದಪ್ಪನೆಯ ಜಾಗದಲ್ಲಿ ಅಗಲ 8 ಮೀಟರ್. ಹೊರಮೈ ವಿಸ್ತೀರ್ಣ 1,011 ಚದರ ಮೀಟರ್‌ಗಿಂತ ತುಸು ಹೆಚ್ಚು, ಘನ ಅಳತೆ 1,500 ಘನ ಮೀಟರ್. ಒಳಗೊಂದು, ಹೊರಗೊಂದು ಎಂದು ಎರಡು ಕವಚ. ಹೊರಗಿನ ತಗಡು 5 ಸೆಂಟಿಮೀಟರ್ ದಪ್ಪ. ಒಟ್ಟು ತೂಕ 1,356.48 ಟನ್. ತೇಲುವಾಗ ಹತ್ತನೇ ಒಂದು ಭಾಗ ಮಾತ್ರ ನೀರಿನ ಮೇಲೆ. ಇಷ್ಟು ಕಟ್ಟುನಿಟ್ಟಾಗಿ ಅಳತೆ ಕೊಟ್ಟ ಕಾಲ್ಪನಿಕ ವಾಹನ ಸಾಹಿತ್ಯದಲ್ಲಿ ಅಪರೂಪ. ಅದನ್ನು ಕೈಯಿಂದ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಡುವ ಹವ್ಯಾಸ ಲೋಕದಲ್ಲೆಲ್ಲ ಹಬ್ಬಿರುವುದಕ್ಕೆ ಈ ಅಂಕಿಗಳೇ ಅರ್ಧ ಕಾರಣ.

ಉಳಿದರ್ಧ ಕಾರಣ ಅದರ ಒಳಗಿನ ವೈಭವ. ಹನ್ನೆರಡು ಸಾವಿರ ಪುಸ್ತಕಗಳ ಗ್ರಂಥಾಲಯ, ಐರೋಪ್ಯ ಮಹಾ ಕಲಾವಿದರ ಚಿತ್ರಗಳು ತೂಗಿದ ಗೋಡೆ, ದೈತ್ಯ ಚಿಪ್ಪಿನ ಬಟ್ಟಲಿನಲ್ಲಿ ಚಿಮ್ಮುವ ಕಾರಂಜಿ, ಮುತ್ತುಗಳ ಕಪಾಟು, ನಡುರಾತ್ರಿ ಒಡೆಯನೊಬ್ಬನೇ ಕುಳಿತು ನುಡಿಸುವ ಆರ್ಗನ್. ನೌಕೆ ಕಟ್ಟಲು ತಗುಲಿದ್ದು 16,87,000 ಫ್ರಾಂಕ್. ಪೀಠೋಪಕರಣ ಸೇರಿದರೆ ಇಪ್ಪತ್ತು ಲಕ್ಷ, ಕಲಾಕೃತಿಗಳನ್ನೂ ಸೇರಿಸಿದರೆ ನಲವತ್ತೋ ಐವತ್ತೋ ಲಕ್ಷ ಎಂದು ನೆಮೊ ಹೇಳುತ್ತಾನೆ. ಯಂತ್ರಕ್ಕಿಂತ ಅಲಂಕಾರಕ್ಕೇ ಹೆಚ್ಚು ಖರ್ಚು ಮಾಡಿದ ನೌಕೆ ಅದು.

ಈ ನೌಕೆಗೂ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಡದಕೆರೆಗೂ ಏನು ಸಂಬಂಧ ಎಂದು ಕೇಳಬಹುದು. ರಾಗಿ, ತೆಂಗುಗಳ ಈ ಸೀಮೆಗೆ ಕಡಲು ಬಹು ದೂರ. ಪಡುವಲಿಗೆ ಮಲೆನಾಡು ದಾಟಿ ಘಟ್ಟ ಇಳಿಯಬೇಕು; ಮೂಡಲಿಗೆ ವೇದಾವತಿಯ ನೀರಿನ ಜೊತೆ ಹೋದರೆ ತುಂಗಭದ್ರೆ, ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿ. ಆದರೆ ನಾಟಿಲಸ್ಸಿನ ಒಡೆಯ ಯಾರು ಎಂಬುದನ್ನು ವರ್ನ್ ಮುಂದಿನ ಪುಸ್ತಕದಲ್ಲಿ ಬಿಚ್ಚಿಟ್ಟ ಮೇಲೆ, ಮಾಡದಕೆರೆಯಿಂದ ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು, ಶ್ರೀರಂಗಪಟ್ಟಣ, ಚನ್ನಪಟ್ಟಣ, ಮಂಗಳೂರು ಎಂದು ಸಾಗುವ ದಾರಿ ಆ ಮಾದರಿಗೆ ಬೇಕಾದ ಸಾಮಗ್ರಿಯನ್ನೂ ಚರಿತ್ರೆಯನ್ನೂ ಒಟ್ಟಿಗೆ ಒದಗಿಸುವ ದಾರಿಯಾಗುತ್ತದೆ.

1874–75ರಲ್ಲಿ ಬಂದ ‘ರಹಸ್ಯ ದ್ವೀಪ’ ಕಾದಂಬರಿಯ ಕೊನೆಯಲ್ಲಿ ಸಾವಿನ ಹಾಸಿಗೆಯಲ್ಲಿರುವ ನೆಮೊ ತನ್ನ ನಿಜನಾಮ ತಿಳಿಸುತ್ತಾನೆ: ದಕ್ಕಾರ್, ಬುಂದೇಲಖಂಡದ ರಾಜನ ಮಗ, ಟಿಪ್ಪು ಸುಲ್ತಾನನ ಸೋದರ ಸಂಬಂಧದ ಕುಡಿ. ಹತ್ತನೇ ವಯಸ್ಸಿನಲ್ಲಿ ಯುರೋಪಿಗೆ ಓದಲು ಹೋದವನು ಮೂವತ್ತರವರೆಗೂ ವಿಜ್ಞಾನ, ಕಲೆ, ಸಾಹಿತ್ಯ ಕಲಿತು 1849ರಲ್ಲಿ ತಾಯ್ನೆಲಕ್ಕೆ ಮರಳುತ್ತಾನೆ. ಮದುವೆಯಾಗುತ್ತಾನೆ, ಇಬ್ಬರು ಮಕ್ಕಳಾಗುತ್ತಾರೆ. 1857ರ ದಂಗೆಯಲ್ಲಿ ಕತ್ತಿ ಹಿಡಿಯುತ್ತಾನೆ. ಹೆಂಡತಿ ಮಕ್ಕಳನ್ನು ಕಳೆದುಕೊಳ್ಳುತ್ತಾನೆ. ಇಪ್ಪತ್ತು ಮಂದಿ ನಂಬಿಗಸ್ಥರೊಂದಿಗೆ ಶಾಂತಸಾಗರದ ನಿರ್ಜನ ದ್ವೀಪವೊಂದರಲ್ಲಿ ನೌಕೆ ಕಟ್ಟಿ ನೀರಿನಡಿಗೆ ಇಳಿಯುತ್ತಾನೆ.

ಲೆಕ್ಕ ಹಾಕಿದರೆ ಈ ವಂಶಾವಳಿ ನಿಲ್ಲುವುದಿಲ್ಲ. 1849ರಲ್ಲಿ ಮೂವತ್ತು ವಯಸ್ಸಾದವನು 1819ರ ಸುಮಾರಿಗೆ ಹುಟ್ಟಿರಬೇಕು. ಟಿಪ್ಪು ಸತ್ತದ್ದು 1799ರ ಮೇ 4ರಂದು. ಅವನ ಕುಟುಂಬವನ್ನು ಮೊದಲು ವೇಲೂರಿಗೆ, 1806ರ ಅಲ್ಲಿನ ದಂಗೆಯ ಬಳಿಕ ಕಲ್ಕತ್ತೆಗೆ ಸಾಗಿಸಲಾಯಿತು. ಬುಂದೇಲಖಂಡದ ಅರಸು ಮನೆತನಕ್ಕೂ ಮೈಸೂರಿನ ಸುಲ್ತಾನನಿಗೂ ಬೀಗತನವಿತ್ತೆಂದು ಚರಿತ್ರೆಯಲ್ಲಿ ಎಲ್ಲೂ ಇಲ್ಲ. ವರ್ನ್‌ನ ಎರಡು ಪುಸ್ತಕಗಳ ಇಸವಿಗಳೇ ಒಂದಕ್ಕೊಂದು ಹೊಂದುವುದಿಲ್ಲ. ಫ್ರೆಂಚ್ ಓದುಗರಿಗೆ ಆಂಗ್ಲವಿರೋಧಿ ಭಾರತೀಯನೆಂದರೆ ಥಟ್ಟನೆ ನೆನಪಾಗುತ್ತಿದ್ದ ಹೆಸರು ಟಿಪ್ಪುವಿನದು. ವರ್ನ್ ಅದನ್ನು ಬಳಸಿಕೊಂಡ, ಅಷ್ಟೆ. ಅವನ ಮೊದಲ ಯೋಚನೆಯಲ್ಲಿ ನೆಮೊ ರಷ್ಯದ ದಬ್ಬಾಳಿಕೆಗೆ ಸಿಕ್ಕಿದ ಪೋಲೆಂಡಿನವನಾಗಿದ್ದ. ರಷ್ಯದ ಮಾರುಕಟ್ಟೆ ಕೈತಪ್ಪೀತೆಂದು ಪ್ರಕಾಶಕ ಎಟ್ಜೆಲ್ ಒಪ್ಪಲಿಲ್ಲ. ಹಾಗಾಗಿ ಮೊದಲ ಕಾದಂಬರಿಯಲ್ಲಿ ನಾಯಕನ ದೇಶ ಮರೆಯಾಗಿಯೇ ಉಳಿಯಿತು, ಐದು ವರ್ಷದ ಮೇಲೆ ಅವನು ಭಾರತೀಯನಾದ.

ಮಾದರಿ ಮಾಡುವವರಿಗೆ ಇದು ಬರೀ ಸಾಹಿತ್ಯದ ವಿವರವಲ್ಲ. ನೆಮೊನ ಕೋಣೆಯ ಗೋಡೆಯಲ್ಲಿ ಪೋಲೆಂಡಿನ ಕೊಸ್ಚುಷ್ಕೊ, ಗ್ರೀಸಿನ ಬೊಟ್ಸಾರಿಸ್, ಐರ್ಲೆಂಡಿನ ಒ’ಕಾನೆಲ್, ಇಟಲಿಯ ಮನಿನ್, ಅಮೆರಿಕದ ವಾಷಿಂಗ್ಟನ್, ಲಿಂಕನ್, ಜಾನ್ ಬ್ರೌನ್ ಇವರ ಚಿತ್ರಗಳಿವೆ. ಭಾರತದ ಒಂದು ಮುಖವೂ ಇಲ್ಲ. ಆ ಗೋಡೆ ಬರೆದಾಗ ನಾಯಕ ಇನ್ನೂ ದಕ್ಕಾರ್ ಆಗಿರಲಿಲ್ಲ. ಈಗ ಮಾದರಿ ಮಾಡುವವರು ಟಿಪ್ಪುವಿನ ಚಿತ್ರವನ್ನು ಅಲ್ಲಿ ಸೇರಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಸೇರಿಸದಿರುವುದೇ ಸರಿ. ಪಠ್ಯದಲ್ಲಿ ಇಲ್ಲದ್ದನ್ನು ಅಭಿಮಾನದಿಂದ ತುಂಬಿದರೆ ಅದು ಮಾದರಿಯಾಗುವುದಿಲ್ಲ, ಮೆರವಣಿಗೆಯಾಗುತ್ತದೆ. ಸಂಬಂಧ ತಿಳಿಸಲು ಪೆಟ್ಟಿಗೆಯ ಮುಂದಿನ ಫಲಕ ಇದೆ.

ಚಿತ್ರದುರ್ಗದ ಕೋಟೆಗೆ ಬಂದವರಿಗೆ ಈ ಕಥೆಯ ಮೊದಲ ಭಾಗ ಕಲ್ಲಿನಲ್ಲೇ ಕಾಣುತ್ತದೆ. 1779ರಲ್ಲಿ ಟಿಪ್ಪುವಿನ ತಂದೆ ಹೈದರಾಲಿ ಮದಕರಿ ನಾಯಕನನ್ನು ಸೋಲಿಸಿ ದುರ್ಗವನ್ನು ವಶಪಡಿಸಿಕೊಂಡ, ನಾಯಕನನ್ನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ದ. ಹೊಸದುರ್ಗದ ಸೀಮೆಯೂ ಅದರೊಡನೆ ಮೈಸೂರಿನ ಪಾಲಾಯಿತು. ಇಲ್ಲಿಯ ಜನರ ನೆನಪಿನಲ್ಲಿ ಹೈದರ್–ಟಿಪ್ಪುಗಳ ಸ್ಥಾನ ಏರುಪೇರಿನದು. ಹೈದರನ ಸೈನಿಕರನ್ನು ಒನಕೆಯಿಂದ ತಡೆದ ಓಬವ್ವನ ಕಿಂಡಿಯ ಮುಂದೆ ನಿಂತವರು ಹೈದರನ ಪಕ್ಷ ವಹಿಸುವುದಿಲ್ಲ. ದಬ್ಬಾಳಿಕೆಗೆ ಒಳಗಾದವರೆಲ್ಲರ ಪರ ನಿಂತ ದಕ್ಕಾರ್ ಎಂಬ ಕಲ್ಪನೆಯ ರಾಜಕುಮಾರ ಈ ಏಳು ಸುತ್ತಿನ ಕೋಟೆಯ ಕಥೆ ಕೇಳಿದ್ದರೆ ಏನೆನ್ನುತ್ತಿದ್ದನೋ. ವರ್ನ್‌ಗೆ ಚಿತ್ರದುರ್ಗದ ಹೆಸರು ಗೊತ್ತಿದ್ದಿರಲಾರದು.

ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಬಂದರೆ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯ ಹೆಸರಿನ ಈ ಕಲ್ಲುಕಟ್ಟಡದ ಅಣೆಕಟ್ಟು 1907ರಲ್ಲಿ ಮುಗಿಯಿತು. ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿದೆ. ಪೂರ್ಣಮಟ್ಟ 130 ಅಡಿ, ಸಂಗ್ರಹ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಹರಿದದ್ದು ಮತ್ತೆ ಹರಿಯಲು 2022ರವರೆಗೆ ಕಾಯಬೇಕಾಯಿತು. ನಾಟಿಲಸ್ಸಿನ ಅಳತೆ ಕಣ್ಣಿಗೆ ಕಟ್ಟಬೇಕೆಂದರೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಎಪ್ಪತ್ತು ಮೀಟರ್ ನೌಕೆಯನ್ನು ಇಲ್ಲಿ ನೆಟ್ಟಗೆ ನಿಲ್ಲಿಸಿದರೆ ಮುಕ್ಕಾಲು ಪಾಲೂ ಮುಳುಗುವುದಿಲ್ಲ. ಅಡ್ಡಲಾಗಿ ಬಿಟ್ಟರೆ ಎಂಟು ಮೀಟರ್ ದಪ್ಪದ ಮೈ ಸುಲಭವಾಗಿ ಮರೆಯಾಗುತ್ತದೆ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆ. ಕಣಿವೆ ತುಂಬಿದಾಗ ತಳದಲ್ಲಿ ಅದು ಮೇಲ್ಮೈಯ ಸುಮಾರು ಐದರಷ್ಟು. ಸಾವಿರಾರು ಮೀಟರ್ ಆಳಕ್ಕೆ ಇಳಿಯುವ ಕಾದಂಬರಿಯ ನೌಕೆಗೆ ಇದು ಯಾವ ಲೆಕ್ಕ! ಆದರೆ ಸಾವಿರಾರು ಮೀಟರ್ ಆಳದಲ್ಲಿ ಬೈಠಕ್‌ಖಾನೆಯ ದೊಡ್ಡ ಗಾಜಿನ ಕಿಟಕಿ ತೆರೆದು ಮೀನು ನೋಡುವುದು 1869ರ ಯಾವ ಗಾಜಿಗೂ ಆಗದ ಕೆಲಸ. ಹೊಸದುರ್ಗ ತಾಲ್ಲೂಕಿನದೇ ಆದ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು; ಗಾಜು ಎಷ್ಟು ಬೇಗ ಒಡೆಯುತ್ತದೆಂದು ಅಲ್ಲಿಯ ಕುಲುಮೆಯವರಿಗೆ ವರ್ನ್‌ಗಿಂತ ಚೆನ್ನಾಗಿ ಗೊತ್ತಿತ್ತು. ಇಂದಿನ ಮಾದರಿಗಳಲ್ಲಿ ಕಿಟಕಿಗೆ ಅಕ್ರಿಲಿಕ್ ಹಾಳೆ ಹಾಕುತ್ತಾರೆ.

ವರ್ನ್‌ನ ನೌಕೆ ತಲೆಯಿಂದ ಹುಟ್ಟಿದ್ದಲ್ಲ, ಅದೂ ಒಂದು ಪ್ರದರ್ಶನ ಮಾದರಿಯಿಂದಲೇ ಬಂತು. 1863ರಲ್ಲಿ ಫ್ರೆಂಚ್ ನೌಕಾಪಡೆ ‘ಪ್ಲೊಂಜರ್’ ಎಂಬ ಜಲಾಂತರ್ಗಾಮಿಯನ್ನು ನೀರಿಗಿಳಿಸಿತ್ತು. ಒತ್ತಿಟ್ಟ ಗಾಳಿಯಿಂದ ನಡೆಯುತ್ತಿದ್ದ ಅದು ಜಲಾಂತರ್ಗಾಮಿಯಾಗಿ ಬಳಕೆಗೆ ಬರಲಿಲ್ಲ. ಅದರ ಮಾದರಿಯನ್ನು 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಇಟ್ಟಿದ್ದರು, ವರ್ನ್ ಅಲ್ಲಿ ಅದನ್ನು ನೋಡಿದ. ಹೆಸರನ್ನು ಮಾತ್ರ 1800ರಲ್ಲಿ ಅಮೆರಿಕದ ರಾಬರ್ಟ್ ಫುಲ್ಟನ್ ಫ್ರಾನ್ಸಿನಲ್ಲಿ ಕಟ್ಟಿ ಪರೀಕ್ಷಿಸಿದ ಮುಳುಗು ದೋಣಿಯಿಂದ ತೆಗೆದುಕೊಂಡ. ಮುಂದೆ 1954ರಲ್ಲಿ ನೀರಿಗಿಳಿದ ಅಮೆರಿಕದ ಮೊದಲ ಅಣುಶಕ್ತಿ ಜಲಾಂತರ್ಗಾಮಿಗೂ ಅದೇ ಹೆಸರು ಬಂತು. 1958ರ ಆಗಸ್ಟ್ 3ರಂದು ಅದು ಉತ್ತರ ಧ್ರುವದ ಹಿಮದಡಿ ಹಾದುಹೋಯಿತು.

ಅದೇ 1954ರಲ್ಲಿ ಡಿಸ್ನಿ ಕಂಪನಿಯ ಚಲನಚಿತ್ರವೂ ಬಂತು. ಮಾದರಿಗಳ ಚರಿತ್ರೆಯಲ್ಲಿ ಅದು ದೊಡ್ಡ ತಿರುವು. ಕಲಾ ವಿನ್ಯಾಸಕಾರ ಹಾರ್ಪರ್ ಗಾಫ್ ಶಾರ್ಕ್ ಮತ್ತು ಮೊಸಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆನ್ನಿನ ಮೇಲೆ ಗರಗಸದ ಹಲ್ಲು, ಮೈಯೆಲ್ಲ ರಿವೆಟ್ಟು, ಹೊಳೆಯುವ ಗುಂಡು ಕಣ್ಣುಗಳಿರುವ ನೌಕೆಯೊಂದನ್ನು ರಚಿಸಿದರು. ಚಿತ್ರಕ್ಕೆ ಕಲಾ ನಿರ್ದೇಶನದ ಆಸ್ಕರ್ ಬಂತು. ಅಂದಿನಿಂದ ಅಂಗಡಿಯಲ್ಲಿ ಸಿಗುವ, ಮನೆಗಳಲ್ಲಿ ಕಾಣುವ ನಾಟಿಲಸ್ಸುಗಳಲ್ಲಿ ಬಹುಪಾಲು ಗಾಫ್ ಅವರವು. ನೋಡಲು ಸೊಗಸು, ನಿಜ. ಆದರೆ ಅದರಲ್ಲಿ ವರ್ನ್ ಬರೆದದ್ದು ಕಡಿಮೆ. ನೆಮೊನ ಪಾತ್ರದಲ್ಲಿ ಇಂಗ್ಲಿಷ್ ನಟ ಜೇಮ್ಸ್ ಮೇಸನ್ ಇದ್ದುದರಿಂದ ದಕ್ಕಾರ್‌ನ ಭಾರತವೂ ಆ ಚಿತ್ರದೊಡನೆ ಮರೆಯಾಯಿತು. 2003ರಲ್ಲಿ ನಾಸಿರುದ್ದೀನ್ ಶಾ, 2024ರ ಧಾರಾವಾಹಿಯಲ್ಲಿ ಶಜಾದ್ ಲತೀಫ್ ನೆಮೊ ಆಗಿ ಬಂದಾಗ ಆ ಎಳೆ ಪರದೆಯ ಮೇಲೆ ಮತ್ತೆ ಕಂಡಿತು.

ಪಠ್ಯಕ್ಕೆ ನಿಷ್ಠವಾದ ಮಾದರಿ ಬೇಕೆಂದರೆ ಅಂಕಿಗಳಿಗೆ ಮರಳಬೇಕು. ಅಲ್ಲೊಂದು ಸ್ವಾರಸ್ಯವಾದ ತೊಡಕಿದೆ. ನೆಮೊ ಹೇಳುವ ಆಕಾರ ನಡುವೆ ಕೊಳವೆ, ಎರಡು ತುದಿಗೆ ಶಂಕು, ಚಿನ್ನಿದಾಂಡಿನ ಚಿನ್ನಿಯಂತೆ. ಉದ್ದ 70, ದಪ್ಪ 8, ಘನ ಅಳತೆ 1,500 ಎಂದರೆ ನಡುವಿನ ಕೊಳವೆ ಎಷ್ಟು ಉದ್ದ, ಶಂಕು ಎಷ್ಟು ಉದ್ದ ಎಂದು ಶಾಲೆಯ ರೇಖಾಗಣಿತದಿಂದಲೇ ಹೊರಡಿಸಬಹುದು. ಕೊಳವೆ ಹೆಚ್ಚುಕಡಿಮೆ 10 ಮೀಟರ್, ಒಂದೊಂದು ಶಂಕು 30 ಮೀಟರ್ ಬರುತ್ತದೆ. ಅದೇ ಆಕಾರದ ಹೊರಮೈ ಲೆಕ್ಕ ಹಾಕಿದರೆ ನೆಮೊ ಕೊಟ್ಟ 1,011 ಚದರ ಮೀಟರಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಎಂದರೆ ವರ್ನ್ ಅಂಕಿಗಳನ್ನು ಬಾಯಿಗೆ ಬಂದಂತೆ ಬರೆಯಲಿಲ್ಲ, ಇಂಥದ್ದೇ ಒಂದು ಆಕಾರವನ್ನು ಮುಂದಿಟ್ಟುಕೊಂಡು ಲೆಕ್ಕ ಮಾಡಿದ್ದಾನೆ.

ತೊಡಕು ಕೋಣೆಗಳದ್ದು. ನೌಕೆಯ ನಡುಮಧ್ಯದಿಂದ ಮೂತಿಯ ಕಡೆಗೆ ಊಟದ ಮನೆ 5 ಮೀಟರ್, ಗ್ರಂಥಾಲಯ 5, ಬೈಠಕ್‌ಖಾನೆ 10, ಕ್ಯಾಪ್ಟನ್ನನ ಕೋಣೆ 5, ಅತಿಥಿ ಪ್ರೊಫೆಸರ್ ಅರೊನಾಕ್ಸ್‌ನ ಕೋಣೆ ಎರಡೂವರೆ, ಗಾಳಿಯ ತೊಟ್ಟಿ ಏಳೂವರೆ. ಕೂಡಿದರೆ 35, ಸರಿಯಾಗಿ ಅರ್ಧ ನೌಕೆ. ಬೈಠಕ್‌ಖಾನೆಯ ಅಗಲ 6 ಮೀಟರ್, ಎತ್ತರ 5. ಮೂಲೆಗಳನ್ನು ಕತ್ತರಿಸಿದ ಚತುರ್ಭುಜ ಎಂದು ವರ್ನ್ ಬರೆದದ್ದು ದುಂಡು ಮೈಯೊಳಗೆ ಅದು ಕೂರಲಿ ಎಂದೇ ಇರಬೇಕು. ಆದರೂ ಕೂರುವುದಿಲ್ಲ. ನಡುವಿನಿಂದ ಹತ್ತು ಮೀಟರ್ ಮುಂದೆ ಶಂಕುವಿನ ವ್ಯಾಸ ಆಗಲೇ ಆರೂಮುಕ್ಕಾಲು ಮೀಟರಿಗಿಂತ ಕೆಳಗೆ ಇಳಿದಿರುತ್ತದೆ. ಇಪ್ಪತ್ತು ಮೀಟರಿನಲ್ಲಿ, ಅಂದರೆ ಬೈಠಕ್‌ಖಾನೆಯ ಆ ಕಡೆಯ ಗೋಡೆಯಲ್ಲಿ, ಬರೀ ನಾಲ್ಕು. ಎರಡು ಕವಚಗಳ ದಪ್ಪ ಕಳೆದರೆ ಇನ್ನೂ ಕಡಿಮೆ. ಪ್ರೊಫೆಸರನ ಕೋಣೆಯ ಕೊನೆಯಲ್ಲಿ ಎರಡೇ ಮೀಟರ್. ಆತ ತಲೆ ತಗ್ಗಿಸದೆ ನಡೆದಿರಲಾರ. ಹೊರಗಿನ ಲೆಕ್ಕ ಸರಿ, ಒಳಗಿನ ಲೆಕ್ಕ ಸರಿ, ಎರಡೂ ಒಂದೇ ನೌಕೆಯದಲ್ಲ.

ಇದು ವರ್ನ್‌ನ ಸೋಲೆಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡಿದರೆ ನೌಕೆಯ ಗುಣ ತಪ್ಪಿಹೋಗುತ್ತದೆ. ಹೊರಗಿನದು ಎಂಜಿನಿಯರ್‌ನ ನೌಕೆ, ಒಳಗಿನದು ದೇಶ ಕಳೆದುಕೊಂಡ ರಾಜಕುಮಾರನ ಅರಮನೆ. ಅರಮನೆ ಹಡಗಿಗಿಂತ ದೊಡ್ಡದಾಗಿಬಿಟ್ಟಿದೆ. ಕೈಯಿಂದ ಮಾದರಿ ಮಾಡುವವರು ಇಲ್ಲಿ ಒಂದನ್ನು ಆರಿಸಲೇಬೇಕು. ಬಹುತೇಕರು ಮೈಯನ್ನು ಉಬ್ಬಿಸಿ ಕೋಣೆಗಳನ್ನು ಉಳಿಸಿಕೊಳ್ಳುತ್ತಾರೆ. ಮೈಯನ್ನು ಹಾಗೇ ಇಟ್ಟು ಕೋಣೆಗಳನ್ನು ಪಕ್ಕದಲ್ಲಿ ಬೇರೆಯಾಗಿ ತೋರಿಸುವುದು ಹೆಚ್ಚು ಪ್ರಾಮಾಣಿಕ.

ಕೋಣೆಗಳ ಪಟ್ಟಿ ಇನ್ನೊಂದನ್ನೂ ಹೇಳುತ್ತದೆ. ಗಾಳಿಯ ತೊಟ್ಟಿ ಬಿಟ್ಟರೆ ಮುಂದಿನ ಅರ್ಧವೆಲ್ಲ ಒಡೆಯನಿಗೂ ಅವನ ಅತಿಥಿಗೂ ಮೀಸಲು. ಹಿಂಭಾಗದಲ್ಲಿ ಅಡುಗೆಮನೆ 3 ಮೀಟರ್, ಯಂತ್ರದ ಮನೆ 20 ಮೀಟರ್. ನಾವಿಕರಿಗೆಲ್ಲ ಸೇರಿ ಒಂದೇ ಕೋಣೆ, 5 ಮೀಟರ್. ಅದರ ಬಾಗಿಲು ಮುಚ್ಚಿತ್ತು, ಒಳಗೆ ಹೇಗಿತ್ತೆಂದು ಅರೊನಾಕ್ಸ್‌ಗೆ ಕಾಣಲಿಲ್ಲ. ಹಾಗಾಗಿ ಓದುಗರಿಗೂ ಕಾಣುವುದಿಲ್ಲ. ಅಡ್ಡ ಸೀಳಿ ಒಳಗನ್ನು ತೋರಿಸುವ ಮಾದರಿಗಳಲ್ಲಿ ಆ ಐದು ಮೀಟರನ್ನು ಮಾಡುವವರೇ ಊಹಿಸಿ ತುಂಬುತ್ತಾರೆ. ಜೀತದ ಲೋಕವನ್ನು ಶಪಿಸಿ ಹೊರಟವನ ನೌಕೆಯಲ್ಲೂ ದುಡಿಯುವವರ ಕೋಣೆ ಕತ್ತಲಲ್ಲೇ ಉಳಿದಿದೆ.

ಹಿರಿಯೂರಿನಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲದ ದಾರಿಯಾಗಿ ಬಂದರೆ ಶ್ರೀರಂಗಪಟ್ಟಣ. 1784ರ ದರಿಯಾ ದೌಲತ್ ತೇಗದ ಮರದ ಬೇಸಿಗೆ ಅರಮನೆ. ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಇಲ್ಲಿಂದ ಹೊರಟ ಒಂದು ಕೈಕೆಲಸದ ವಸ್ತು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ: ಟಿಪ್ಪುವಿನ ಹುಲಿ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಹುಲಿ ಐರೋಪ್ಯ ಸಿಪಾಯಿಯೊಬ್ಬನ ಮೇಲೆ ಎರಗಿ ನಿಂತಿದೆ. ಒಟ್ಟು ಉದ್ದ ಸುಮಾರು ಒಂದೂಮುಕ್ಕಾಲು ಮೀಟರ್. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸಿಪಾಯಿ ನರಳುತ್ತಾನೆ. ಹುಲಿಯ ಹೊಟ್ಟೆಯೊಳಗೆ ಕೊಳವೆಗಳ ಒಂದು ಆರ್ಗನ್ ಇದೆ. 1799ರ ಲೂಟಿಯಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, 1808ರಿಂದ ಲಂಡನ್ನಿನ ಕಂಪನಿ ಭವನದಲ್ಲಿ ಜನರ ನೋಟಕ್ಕಿತ್ತು. ನೋಡಲು ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದರು, ಅದರ ಶಬ್ದದಿಂದ ಅಲ್ಲಿ ಓದುತ್ತಿದ್ದವರಿಗೆ ತಲೆನೋವಾಗಿತ್ತೆಂಬ ದೂರುಗಳೂ ಇದ್ದವು. ಚರಿತ್ರೆಯ ಟಿಪ್ಪುವಿಗೆ ಹುಲಿಯ ಹೊಟ್ಟೆಯಲ್ಲಿ ಆರ್ಗನ್, ಕಾದಂಬರಿಯ ಬಂಧುವಿಗೆ ಉಕ್ಕಿನ ಮೀನಿನ ಹೊಟ್ಟೆಯಲ್ಲಿ ಆರ್ಗನ್. ವರ್ನ್ ಹುಲಿಯನ್ನು ಕುರಿತು ತಿಳಿದು ಹೀಗೆ ಬರೆದನೆನ್ನಲು ಆಧಾರವಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಆಸೆ ತಡೆಯುವುದು ಕಷ್ಟ.

ಟಿಪ್ಪುವಿಗೆ ನಿಜವಾದ ನೌಕಾಪಡೆಯ ಕನಸೂ ಇತ್ತು. ಇಪ್ಪತ್ತು ಯುದ್ಧನೌಕೆ, ಇಪ್ಪತ್ತು ಫ್ರಿಗೇಟ್ ಕಟ್ಟಿಸುವ ಯೋಜನೆ, ಅದಕ್ಕೊಂದು ನೌಕಾಮಂಡಳಿ, ಕರಾವಳಿಯಲ್ಲಿ ಹಡಗುಕಟ್ಟೆಗಳು, ತಾಮ್ರ ಹೊದೆಸಿದ ತಳ ಇವೆಲ್ಲ ಆಜ್ಞೆಗಳಲ್ಲಿ ಉಳಿದುಕೊಂಡಿವೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕನಸೂ ಬಿತ್ತು.

ಮೈಸೂರಿಗೆ ಬಂದರೆ ಬೀಟೆ ಮರದ ಇನ್‌ಲೇ ಕೆಲಸ. ಬೀಟೆಯ ಹಲಗೆಯಲ್ಲಿ ಗುಂಡಿ ತೋಡಿ ಬಣ್ಣಬಣ್ಣದ ಮರದ ಚೂರುಗಳನ್ನು, ಹಿಂದೆ ದಂತವನ್ನೂ, ಕೂರಿಸಿ ನಯಗೊಳಿಸುವ ಈ ಕಸುಬಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನಾಟಿಲಸ್ಸಿನ ಗ್ರಂಥಾಲಯದ ಕಪಾಟುಗಳು ಯಾವ ಮರದವೆಂದು ವರ್ನ್ ಸ್ಪಷ್ಟವಾಗಿ ಬರೆದಿದ್ದಾನೆ: ಹಿತ್ತಾಳೆ ಕೂರಿಸಿದ ಕಪ್ಪು ಬೀಟೆ. ಗ್ರಂಥಾಲಯದ ಅಗಲವೂ 6 ಮೀಟರ್ ಎಂದಿಟ್ಟುಕೊಂಡು, ಪುಸ್ತಕವೊಂದಕ್ಕೆ ಮೂರು ಸೆಂಟಿಮೀಟರ್ ದಪ್ಪ ಹಿಡಿದರೆ ಹನ್ನೆರಡು ಸಾವಿರಕ್ಕೆ 360 ಮೀಟರ್ ಕಪಾಟು ಬೇಕು. ಬಾಗಿಲು ಕಳೆದು ನಾಲ್ಕು ಗೋಡೆಗೂ ನೆಲದಿಂದ ಸೂರಿನವರೆಗೆ ಹದಿನೆಂಟು ಸಾಲು. ನೂರನೇ ಒಂದು ಅಳತೆಯಲ್ಲಿ ಒಂದು ಪುಸ್ತಕದ ಎತ್ತರ ಎರಡು ಮಿಲಿಮೀಟರ್. ಒಂದೊಂದಾಗಿ ಮಾಡಲು ಹೊರಡುವುದು ಹುಚ್ಚು. ಗೆರೆ ಕೊರೆದ ಬೀಟೆಯ ಪಟ್ಟಿಯೇ ಸಾಲುಪುಸ್ತಕವಾಗುತ್ತದೆ.

ಬೆಂಗಳೂರಿನ ದಾರಿಯಲ್ಲಿ ಚನ್ನಪಟ್ಟಣ. ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕೆಲಸ ಕಲಿಸಿದವನು ಟಿಪ್ಪು ಎಂಬುದು ಊರಿನ ನಂಬಿಕೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ರೀತಿಯನ್ನು ಅಳವಡಿಸಿ ಗೊಂಬೆ ಕೆಲಸಕ್ಕೆ ಹೊಸ ಜೀವ ಕೊಟ್ಟ ಬಾವಾಸ್ ಮಿಯಾ ಅವರ ಹೆಸರನ್ನೂ ಇಲ್ಲಿ ಗೌರವದಿಂದ ಹೇಳುತ್ತಾರೆ. ಹಾಲೆ ಮರವನ್ನು ಒಣಗಿಸಿ ಲೇತಿಗೆ ಕಟ್ಟಿ ತಿರುಗಿಸುತ್ತಾರೆ. ಉಳಿ ಹಿಡಿದು ಆಕಾರ ಕೊಟ್ಟ ಮೇಲೆ ತಿರುಗುತ್ತಿರುವ ಮರಕ್ಕೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ದುಂಡನೆಯದೆಲ್ಲವೂ ಈ ಕೈಗಳಿಗೆ ಸಲೀಸು. ನಾಟಿಲಸ್ ಬರೀ ಕೊಳವೆ ಮತ್ತು ಶಂಕು. ಲೇತಿಗೆಂದೇ ಹುಟ್ಟಿದ ಆಕಾರ.

ನೂರನೇ ಒಂದು ಅಳತೆ ಇಟ್ಟುಕೊಂಡರೆ ಲೆಕ್ಕ ಸುಲಭ: ಮೀಟರ್ ಇದ್ದಲ್ಲಿ ಸೆಂಟಿಮೀಟರ್. ಎಪ್ಪತ್ತು ಸೆಂಟಿಮೀಟರ್ ಮರವನ್ನು ಒಂದೇ ತುಂಡಾಗಿ ತಿರುಗಿಸಿದರೆ ಸಣಕಲು ತುದಿಗಳು ನಡುಗುತ್ತವೆ. ಹತ್ತು ಸೆಂಟಿಮೀಟರಿನ ಕೊಳವೆ ಒಂದು, ಮೂವತ್ತು ಸೆಂಟಿಮೀಟರಿನ ಶಂಕು ಎರಡು ಎಂದು ಮೂರು ತುಂಡು ಮಾಡಿ ಮರದ ಗೂಟದಿಂದ ಸೇರಿಸುವುದು ಮೇಲು. ಬಣ್ಣ ಕಪ್ಪು. ಮೈ ನುಣುಪೋ ಚಿಪ್ಪುಚಿಪ್ಪೋ ಎಂಬಲ್ಲಿ ವರ್ನ್ ಎರಡು ಮಾತು ಆಡುತ್ತಾನೆ. ಸಮುದ್ರಕ್ಕೆ ಬಿದ್ದ ಅರೊನಾಕ್ಸ್ ನೌಕೆಯ ಬೆನ್ನು ಹತ್ತಿದಾಗ ಅದು ನಯವಾಗಿ, ಒಂದರ ಮೇಲೊಂದು ಚಿಪ್ಪು ಇಲ್ಲದೆ ಇರುತ್ತದೆ. ಮುಂದೆ ಹಗಲಿನಲ್ಲಿ ನೋಡುವಾಗ ತಗಡುಗಳು ಸರೀಸೃಪದ ಹುರುಪೆಯಂತೆ ಜೋಡಿಸಿಕೊಂಡಿರುತ್ತವೆ. ಅರಗಿನ ಕೆಲಸಕ್ಕೆ ಮೊದಲನೆಯದೇ ಹೊಂದುತ್ತದೆ. ಬೆನ್ನಿನ ಮೇಲೆ ಎರಡು ಸಣ್ಣ ಗುಬುಟು. ಮುಂದಿನದು ಚುಕ್ಕಾಣಿಗನ ಗೂಡು, ಹಿಂದಿನದು ದೀಪ. ನಡುವೆ ಕುಳಿಯಲ್ಲಿ ಅಡಗಿದ ದೋಣಿ. ಮೂತಿಗೆ ಉಕ್ಕಿನ ಈಟಿ. ಹಿಂದೆ 6 ಸೆಂಟಿಮೀಟರ್ ವ್ಯಾಸದ ತಿರುಗುರೆಕ್ಕೆ; ಮೂಲದಲ್ಲಿ ಅದು 6 ಮೀಟರ್. ರಿವೆಟ್ಟು, ಗರಗಸ, ಮೊಸಳೆಕಣ್ಣು ಯಾವುದೂ ಇಲ್ಲ.

ಹೀಗೆ ಮಾಡಿದ ಮಾದರಿಯ ಘನ ಅಳತೆ ಒಂದೂವರೆ ಲೀಟರ್. ನೆಮೊ ಹೇಳಿದಂತೆ ಹತ್ತನೇ ಒಂದು ಭಾಗ ಮಾತ್ರ ಮೇಲಿಟ್ಟು ತೇಲಬೇಕೆಂದರೆ ಅದರ ತೂಕ 1 ಕಿಲೋ 356 ಗ್ರಾಂ ಇರಬೇಕು. ಹಾಲೆ ಮರ ನೀರಿಗಿಂತ ಸಾಕಷ್ಟು ಹಗುರ, ಆದ್ದರಿಂದ ಹೊಟ್ಟೆಯಲ್ಲಿ ಸೀಸದ ಚೂರು ತುಂಬಿ ತೂಗಿ ನೋಡಬೇಕಾಗುತ್ತದೆ. ನಿಜವಾದ ಜಲಾಂತರ್ಗಾಮಿಯೂ ಇದನ್ನೇ ಮಾಡುತ್ತದೆ, ಸೀಸದ ಬದಲು ತೊಟ್ಟಿಗಳಿಗೆ ನೀರು ತುಂಬಿಕೊಳ್ಳುತ್ತದೆ.

ದಾರಿಯ ಕೊನೆಯ ಊರಾದ ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇದೆ. ಗುರುಪುರ ನದಿಗೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಅದು. ಕಾದಂಬರಿ ನಮ್ಮ ಕರಾವಳಿಗೆ ಅತಿ ಹತ್ತಿರ ಬರುವುದು ಈ ಊರಿನ ಎದುರಿನ ಕಡಲಿನಲ್ಲೇ. 1868ರ ಜನವರಿ ಕೊನೆಯಲ್ಲಿ ನಾಟಿಲಸ್ ಬಂಗಾಳ ಕೊಲ್ಲಿಯ ಹಾಲಿನಂತೆ ಹೊಳೆಯುವ ಕಡಲನ್ನು ದಾಟಿ ಸಿಂಹಳಕ್ಕೆ ಬರುತ್ತದೆ. ಅಲ್ಲಿ ನೆಮೊ ಮುತ್ತು ತೆಗೆಯುವ ಬಡ ಭಾರತೀಯನೊಬ್ಬನನ್ನು ಶಾರ್ಕಿನ ಬಾಯಿಂದ ಬಿಡಿಸಿ, ಮುತ್ತಿನ ಚೀಲವೊಂದನ್ನು ಕೈಗಿಟ್ಟು, ತುಳಿತಕ್ಕೆ ಸಿಕ್ಕಿದ ದೇಶದವನೇ ತಾನೂ ಎನ್ನುತ್ತಾನೆ. ಅನಂತರ ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳ ನಡುವೆ ಸಾಗುತ್ತ ಕಿಲ್ತಾನ್ ದ್ವೀಪದ ಪಕ್ಕದಲ್ಲಿ ಹಾಯುತ್ತದೆ. ಕಿಲ್ತಾನನ್ನು ವಾಸ್ಕೋ ಡ ಗಾಮ 1499ರಲ್ಲಿ ಕಂಡುಹಿಡಿದನೆಂದು ವರ್ನ್ ಸೇರಿಸುತ್ತಾನೆ. ಅಲ್ಲಿ ಅದಕ್ಕೂ ಮೊದಲೇ ಸಂಸಾರ ಹೂಡಿದ್ದ ಜನರನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಿಲ್ತಾನ್ ಅಮಿನಿದಿವಿ ಗುಂಪಿಗೆ ಸೇರಿದ ದ್ವೀಪ. ಈ ಗುಂಪು 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಬಿಟ್ಟು ಟಿಪ್ಪುವಿನ ಆಳ್ವಿಕೆಗೆ ಬಂದಿತ್ತು. 1799ರ ಬಳಿಕ ಕಂಪನಿಯ ಪಾಲಾಗಿ, 1956ರ ನವೆಂಬರ್ 1ರಂದು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಆಡಳಿತ ಕಂಡಿತು. ಅಂದರೆ ಕಥೆಯ ನಾಟಿಲಸ್ ಹಾದುಹೋದ ಆ ದಿನ ಕಿಲ್ತಾನಿನ ಕಲೆಕ್ಟರು ಇದ್ದದ್ದು ಮಂಗಳೂರಿನಲ್ಲಿ, ಅದಕ್ಕೂ ಹಿಂದೆ ಅದರ ಒಡೆಯ ಟಿಪ್ಪು. ನೆಮೊನನ್ನು ಟಿಪ್ಪುವಿನ ವಂಶಕ್ಕೆ ಸೇರಿಸುವ ಐದು ವರ್ಷ ಮೊದಲೇ ವರ್ನ್ ಅವನನ್ನು ಟಿಪ್ಪುವಿನ ದ್ವೀಪದ ಪಕ್ಕದಲ್ಲಿ ಸಾಗಿಸಿದ್ದ. ಲೇಖಕನಿಗೇ ಗೊತ್ತಿಲ್ಲದ ಈ ಕಾಕತಾಳೀಯ ಇಡೀ ವಂಶಾವಳಿಗಿಂತ ಹೆಚ್ಚು ನಂಬುವಂತಿದೆ.

ನಿಜವಾದ ನೌಕೆಗಳನ್ನು ನೋಡುವ ಆಸೆ ಇದ್ದವರಿಗೆ ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಜಲಾಂತರ್ಗಾಮಿಯ ಒಳಗೆ ಕಾಲಿಡಬೇಕೆಂದರೆ ವಿಶಾಖಪಟ್ಟಣಕ್ಕೆ ಹೋಗಬೇಕು. 1969ರ ಡಿಸೆಂಬರ್ 18ರಂದು ಸೇವೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಐಎನ್‌ಎಸ್ ಕುರ್ಸುರಾವನ್ನು ಕಡಲಂಚಿಗೆ ಎಳೆದು ತಂದು 2002ರಲ್ಲಿ ಜನರಿಗೆ ತೆರೆದರು. ಉದ್ದ 91.3 ಮೀಟರ್, ನಾಟಿಲಸ್ಸಿಗಿಂತ ಇಪ್ಪತ್ತೊಂದು ಮೀಟರ್ ಹೆಚ್ಚು. ಆದರೂ ಒಳಗೆ ಹತ್ತು ಮೀಟರಿನ ಬೈಠಕ್‌ಖಾನೆ ಎಲ್ಲಿಯೂ ಇಲ್ಲ. ಕೊಳವೆ, ಕವಾಟ, ತಂತಿಗಳ ನಡುವೆ ಒಬ್ಬರು ಹಾಯುವಷ್ಟೇ ದಾರಿ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಲು ದುಂಡು ಕಂಡಿಯಲ್ಲಿ ಬಗ್ಗಿ ನುಸುಳಬೇಕು. ಎಪ್ಪತ್ತೈದು ಮಂದಿ ಇದರಲ್ಲಿ ಬಾಳಿದರು. ನಾಟಿಲಸ್ಸಿನ ಕತ್ತಲ ಕೋಣೆ ಹೇಗಿದ್ದಿರಬಹುದೆಂದು ಊಹಿಸುವ ಮಾದರಿಕಾರರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಮಾಡದಕೆರೆಯ ಕಡೆಯ ಯಾರಾದರೂ, ಅಲ್ಲಿಯ ಶಾಲೆಯೊಂದು ಬೇಕಾದರೂ, ಇಂಥದ್ದೊಂದನ್ನು ಮಾಡಿಸಬೇಕೆಂದು ಮನಸ್ಸು ಮಾಡಿದರೆ ಹೊರದೇಶದ ಪ್ಲಾಸ್ಟಿಕ್ ಕಿಟ್ಟು ತರಿಸಬೇಕಿಲ್ಲ. ಚನ್ನಪಟ್ಟಣದ ಲೇತಿನವರಿಗೆ ಮೂರು ಅಳತೆ ಬರೆದುಕೊಟ್ಟರೆ ಸಾಕು: ನಡುವೆ ಹತ್ತು, ಎರಡು ಬದಿಗೆ ಮೂವತ್ತು ಮೂವತ್ತು, ದಪ್ಪ ಎಂಟು. ಫಲಕದ ಮೇಲೆ ನೌಕೆಯ ಹೆಸರು, ಅಳತೆ 1:100, ಲೇಖಕ ಜೂಲ್ಸ್ ವರ್ನ್, ಒಡೆಯ ರಾಜಕುಮಾರ ದಕ್ಕಾರ್ ಎಂದು ಕನ್ನಡದಲ್ಲಿ ಬರೆಸಿ, ಅದರ ಕೆಳಗೆ ಮಾದರಿ ಮಾಡಿದ ಕುಶಲಕರ್ಮಿಯ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ.